ಪ್ರಿಂಟರ್ ಕೆಟ್ಟ ಶುಕ್ರವಾರ: ಸೈಬರ್ ಭದ್ರತೆಗೆ ಅಕ್ಕಪಕ್ಕದ ದೇಶಗಳು ಕೈಜೋಡಿಸುವುದು ಅಂದ್ರೆ ಏನು?

ನಮ್ಮ ಲ್ಯಾಬಿನಲ್ಲಿ ಪ್ರಿಂಟರ್ ಕೈಕೊಟ್ಟರೆ ನಾವೇನು ಮಾಡ್ತೀವಿ? ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀವಿ. ಎರಡು ಸಲ ತಟ್ಟಿ ನೋಡ್ತೀವಿ. ಆಗಲಿಲ್ಲ ಅಂದ್ರೆ "ನಾಳೆ ನೋಡೋಣ" ಅಂತ ಎದ್ದು ಹೋಗ್ತೀವಿ. 2016ರ ಫೆಬ್ರವರಿ 5, ಶುಕ್ರವಾರ, ಢಾಕಾದ ಬಾಂಗ್ಲಾದೇಶ ಬ್ಯಾಂಕಿನಲ್ಲೂ ಹೆಚ್ಚುಕಮ್ಮಿ ಹೀಗೇ ಆಯ್ತು. ಅದು ಆ ದೇಶದ ಕೇಂದ್ರ ಬ್ಯಾಂಕ್, ನಮ್ಮ ರಿಸರ್ವ್ ಬ್ಯಾಂಕ್ ಇದ್ದ ಹಾಗೆ. ಹಣ ವರ್ಗಾವಣೆಯ ಸಂದೇಶಗಳನ್ನು ತಾನಾಗಿಯೇ ಅಚ್ಚು ಹಾಕಬೇಕಿದ್ದ ಒಂದು ಪ್ರಿಂಟರ್ ಸುಮ್ಮನೆ ಕೂತಿತ್ತು. ಹಿಂದೆಯೂ ಹೀಗೆ ಕೆಟ್ಟದ್ದುಂಟು, ಹಾಗಾಗಿ ಸಿಬ್ಬಂದಿ ಗಾಬರಿ ಬೀಳಲಿಲ್ಲ. ಆದರೆ ಅಷ್ಟರಲ್ಲಿ ಅವರ ದೇಶದ 10.1 ಕೋಟಿ ಡಾಲರ್ ಮನೆ ಬಿಟ್ಟು ಹೊರಟಾಗಿತ್ತು.

"ಸೈಬರ್ ಭದ್ರತೆಯಲ್ಲಿ ಪ್ರಾದೇಶಿಕ ಸಹಕಾರ" ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಉದ್ದನೆಯ ಮೇಜು, ಸಣ್ಣ ಸಣ್ಣ ಬಾವುಟ, ಕೈಕುಲುಕುವ ಮಂತ್ರಿಗಳು. ಇದು ನಮ್ಮ ಸಿಲಬಸ್ಸಿನ ವಿಷಯ ಅಲ್ಲ ಅಂತ ಪುಟ ತಿರುಗಿಸಿಬಿಡ್ತೀವಿ. ಈ ಪಾಠದಲ್ಲಿ ಢಾಕಾದ ಕಳ್ಳತನವನ್ನೇ ಹಿಡಿದುಕೊಂಡು, ಸಹಕಾರ ಅನ್ನೋದು ನಿಜಕ್ಕೂ ಯಾವ ಯಾವ ಬಿಡಿಭಾಗಗಳಿಂದ ಆಗಿದೆ ಅಂತ ಬಿಚ್ಚಿ ನೋಡೋಣ. ಮುಗಿಯುವ ಹೊತ್ತಿಗೆ ಇದು ಎಂಜಿನಿಯರುಗಳ ಕೆಲಸವೂ ಹೌದು ಅಂತ ನಿಮಗೂ ಅನಿಸಬಹುದು.

1. ಮೂರು ದೇಶ, ಮೂರು ರಜೆ

ಮೊದಲು ಸ್ವಿಫ್ಟ್ ಅಂದ್ರೆ ಏನು ಅಂತ ಎರಡು ಮಾತು. ಇದು ಬೆಲ್ಜಿಯಂನಲ್ಲಿ ಕೇಂದ್ರ ಕಚೇರಿ ಇರುವ ಒಂದು ಸಹಕಾರಿ ಸಂಸ್ಥೆ. ಬ್ಯಾಂಕುಗಳು ಒಂದಕ್ಕೊಂದು "ಈ ಖಾತೆಯಿಂದ ಇಷ್ಟು ಹಣ ಆ ಖಾತೆಗೆ ಕೊಡಿ" ಅಂತ ಕಳಿಸುವ ಸಂದೇಶಗಳ ಜಾಲ ಇದರದ್ದು. ಸ್ವಿಫ್ಟ್ ಹಣ ಸಾಗಿಸಲ್ಲ, ಮಾತು ಸಾಗಿಸುತ್ತೆ. ಆ ಮಾತನ್ನು ನಂಬಿ ಬ್ಯಾಂಕುಗಳು ಹಣ ಕೊಡುತ್ತವೆ.

ಬಾಂಗ್ಲಾದೇಶ ಬ್ಯಾಂಕಿನ ಡಾಲರ್ ಖಾತೆ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿತ್ತು. ಫೆಬ್ರವರಿ 4, ಗುರುವಾರ ರಾತ್ರಿ, ಢಾಕಾದ ಕಚೇರಿ ಖಾಲಿಯಾದ ಮೇಲೆ, ಕಳ್ಳರು ಬ್ಯಾಂಕಿನ ಹೆಸರಲ್ಲೇ ನ್ಯೂಯಾರ್ಕಿಗೆ 35 ಸಂದೇಶ ಕಳಿಸಿದರು. ಕೇಳಿದ ಒಟ್ಟು ಮೊತ್ತ ಸುಮಾರು 95.1 ಕೋಟಿ ಡಾಲರ್.

ಈಗ ಗಡಿಯಾರ ಮತ್ತು ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಿ.

ಗುರುವಾರ: ಢಾಕಾದಲ್ಲಿ ರಾತ್ರಿ 8 ಗಂಟೆ ಅಂದ್ರೆ ನ್ಯೂಯಾರ್ಕಿನಲ್ಲಿ ಬೆಳಗ್ಗೆ 9. ಒಂದು ಕಡೆ ದೀಪ ಆರಿತು, ಇನ್ನೊಂದು ಕಡೆ ಬಾಗಿಲು ತೆರೆಯಿತು.

ಶುಕ್ರವಾರ, ಶನಿವಾರ: ಬಾಂಗ್ಲಾದೇಶದಲ್ಲಿ ವಾರದ ರಜೆ. ಇದ್ದ ಕೆಲವೇ ಸಿಬ್ಬಂದಿಗೆ ಪ್ರಿಂಟರ್ ಕೆಟ್ಟದ್ದು ಕಾಣಿಸಿತು. ಕೊನೆಗೆ ಅದು ಸರಿಹೋದಾಗ, "ಈ ಪಾವತಿಗಳು ನಿಮ್ಮದೇನಾ?" ಅಂತ ನ್ಯೂಯಾರ್ಕಿನಿಂದ ಬಂದಿದ್ದ ಪ್ರಶ್ನೆಗಳು ಹೊರಗೆ ಬಂದವು. ಢಾಕಾದವರು ಗಾಬರಿಯಾಗಿ ನ್ಯೂಯಾರ್ಕನ್ನು ಸಂಪರ್ಕಿಸಲು ನೋಡಿದರು.

ಶನಿವಾರ, ಭಾನುವಾರ: ಅಮೆರಿಕದಲ್ಲಿ ರಜೆ. ಆ ಕಡೆ ಉತ್ತರ ಕೊಡುವವರಿಲ್ಲ.

ಸೋಮವಾರ, ಫೆಬ್ರವರಿ 8: ಫಿಲಿಪೀನ್ಸ್‌ನಲ್ಲಿ ಚೀನೀ ಹೊಸವರ್ಷದ ರಜೆ. ಕದ್ದ ಹಣದ ಬಹುಪಾಲು ಹೋಗಿದ್ದು ಮನಿಲಾಗೇ.

ಮಂಗಳವಾರ, ಫೆಬ್ರವರಿ 9: ಹಣ ತಡೆಹಿಡಿಯಿರಿ ಅನ್ನೋ ಢಾಕಾದ ಸಂದೇಶ ಮನಿಲಾದ ರಿಝಾಲ್ ಬ್ಯಾಂಕಿಗೆ ತಲುಪಿತ್ತು. ಆದರೂ ಅದೇ ದಿನ ಆ ಖಾತೆಗಳಿಂದ ಹಣ ಹೊರಗೆ ಹರಿದುಹೋಯಿತು.

ಒಂದೊಂದು ದೇಶದ ರಜೆ ನೋಡಿದರೆ ಎರಡೇ ದಿನ, ಒಂದೇ ದಿನ. ಎಲ್ಲ ಸೇರಿಸಿದರೆ ನಾಲ್ಕು ದಿನದ ಹೆದ್ದಾರಿ! ಕಳ್ಳರು ಬರೀ ಒಂದು ಬ್ಯಾಂಕಿನ ಕಂಪ್ಯೂಟರಿಗೆ ನುಗ್ಗಲಿಲ್ಲ. ದೇಶ ದೇಶಗಳ ನಡುವಿನ ಸಂದಿನಲ್ಲಿ ನುಗ್ಗಿದರು.

2. ತಡೆದದ್ದು ಏನು, ತಡೆಯದೇ ಹೋದದ್ದು ಏನು?

35 ಸಂದೇಶಗಳಲ್ಲಿ 5 ಮಾತ್ರ ದಾಟಿದವು. 8.1 ಕೋಟಿ ಡಾಲರ್ ಮನಿಲಾಗೆ, 2 ಕೋಟಿ ಡಾಲರ್ ಶ್ರೀಲಂಕಾಗೆ. ಮಿಕ್ಕ ಸುಮಾರು 85 ಕೋಟಿ ಡಾಲರ್ ಉಳಿದದ್ದಕ್ಕೆ ಕಾರಣ ಕೇಳಿದರೆ ನಗು ಬರುತ್ತೆ. ಮನಿಲಾದ ಆ ಶಾಖೆ ಇದ್ದದ್ದು ಜುಪಿಟರ್ ಸ್ಟ್ರೀಟಿನಲ್ಲಿ. ಇರಾನಿನ ಮೇಲೆ ಅಮೆರಿಕ ಹೇರಿದ್ದ ನಿರ್ಬಂಧದ ಪಟ್ಟಿಯಲ್ಲೂ ಜುಪಿಟರ್ ಅನ್ನೋ ಪದ ಇತ್ತು. ಸಾಫ್ಟ್‌ವೇರ್ ಆ ಪದ ಕಂಡು ಗಂಟೆ ಬಾರಿಸಿತು, ಆಮೇಲೆ ಮನುಷ್ಯರು ಕೂತು ನೋಡಿದರು.

ಶ್ರೀಲಂಕಾದ ಕಥೆ ಇನ್ನೂ ಚೆನ್ನಾಗಿದೆ. ಹಣ ಪಡೆಯುವ ಸಂಸ್ಥೆಯ ಹೆಸರಲ್ಲಿ ಫೌಂಡೇಶನ್ ಅಂತ ಇರಬೇಕಾದ ಕಡೆ ಕಳ್ಳರು "ಫ್ಯಾಂಡೇಶನ್" ಅಂತ ಟೈಪ್ ಮಾಡಿದ್ದರು. ನಡುವಿನ ಬ್ಯಾಂಕ್ ಸಂಶಯಪಟ್ಟು ಪ್ರಶ್ನೆ ಕೇಳಿತು. ಆ 2 ಕೋಟಿ ವಾಪಸ್ ಬಂತು.

ಒಂದು ಬೀದಿಯ ಹೆಸರು, ಒಂದು ಕಾಗುಣಿತದ ತಪ್ಪು. ಎರಡೂ ಅದೃಷ್ಟ. ಅದೃಷ್ಟದ ಮೇಲೆ ಸಿಸ್ಟಂ ಡಿಸೈನ್ ಮಾಡೋಕಾಗಲ್ಲ ಅಂತ ಮೊದಲ ಸೆಮಿಸ್ಟರ್‌ನಲ್ಲೇ ನಮಗೆ ಹೇಳಿಕೊಡ್ತಾರೆ.

ಮನಿಲಾದ ಹಣ ಏನಾಯ್ತು? ಅದು ಕ್ಯಾಸಿನೊಗಳಿಗೆ ಹೋಯಿತು. ಅಲ್ಲಿ ಹಣ ಜೂಜಿನ ಚಿಪ್ಪುಗಳಾಗಿ, ಚಿಪ್ಪುಗಳು ಮತ್ತೆ ನಗದಾಗಿ, ಜಾಡು ಅಳಿಸಿಹೋಯಿತು. ಆಗ ಫಿಲಿಪೀನ್ಸ್‌ನ ಅಕ್ರಮ ಹಣ ತಡೆ ಕಾನೂನು ಕ್ಯಾಸಿನೊಗಳಿಗೆ ಅನ್ವಯ ಆಗ್ತಿರಲಿಲ್ಲ. ಅಂದ್ರೆ ಢಾಕಾದ ಫೈರ್‌ವಾಲ್‌ನಲ್ಲಿ ಎಷ್ಟು ರಂಧ್ರ ಇತ್ತೋ, ಮನಿಲಾದ ಕಾನೂನಿನಲ್ಲೂ ಅಷ್ಟೇ ದೊಡ್ಡ ರಂಧ್ರ ಇತ್ತು. 2017ರಲ್ಲಿ ಆ ಕಾನೂನಿಗೆ ತಿದ್ದುಪಡಿ ಆಗಿ ಕ್ಯಾಸಿನೊಗಳೂ ಅದರೊಳಗೆ ಬಂದವು. ಬಾಂಗ್ಲಾದೇಶಕ್ಕೆ 2016ರ ಕೊನೆಯಲ್ಲಿ ವಾಪಸ್ ಬಂದದ್ದು ಸುಮಾರು 1.5 ಕೋಟಿ ಡಾಲರ್ ಅಷ್ಟೇ. ಢಾಕಾದಲ್ಲಿ ಕೇಂದ್ರ ಬ್ಯಾಂಕಿನ ಗವರ್ನರ್ ಅತಿಯುರ್ ರೆಹಮಾನ್ ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟರು.

3. ಎರಡು ಬೈಟ್

ಇದು ಎಂಜಿನಿಯರಿಂಗ್ ಕಾಲೇಜಿನ ಪತ್ರಿಕೆ, ಹಾಗಾಗಿ ಒಳಗಡೆ ಏನಾಯ್ತು ಅಂತಲೂ ನೋಡಲೇಬೇಕು. ಅಮೆರಿಕದ ತನಿಖೆಯ ಪ್ರಕಾರ ಬಾಗಿಲು ತೆರೆದದ್ದು ಒಂದು ವರ್ಷ ಮೊದಲು, 2015ರ ಜನವರಿಯಲ್ಲಿ. ಕೆಲಸ ಕೇಳಿಕೊಂಡು ಬಂದ ಒಂದು ಇಮೇಲ್, ಜೊತೆಗೊಂದು ರೆಸ್ಯೂಮೆ. ನಾವು ದಿನಾ ಕಳಿಸುವಂಥದ್ದೇ! ಯಾರೋ ತೆರೆದರು, ಮಾಲ್‌ವೇರ್ ಒಳಗೆ ಬಂತು.

2016ರ ಏಪ್ರಿಲ್‌ನಲ್ಲಿ ಬಿಎಇ ಸಿಸ್ಟಮ್ಸ್ ಕಂಪನಿಯ ಸಂಶೋಧಕರು ಆ ಮಾಲ್‌ವೇರಿನ ವಿಶ್ಲೇಷಣೆ ಪ್ರಕಟಿಸಿದರು. ಸ್ವಿಫ್ಟ್ ಸಾಫ್ಟ್‌ವೇರಿನ ಒಂದು ಲೈಬ್ರರಿ ಫೈಲಿನಲ್ಲಿ ಒಂದು ತಪಾಸಣೆ ಇತ್ತು. ಅದರ ನಂತರದ ಸೂಚನೆ ಹೆಕ್ಸ್‌ನಲ್ಲಿ 75 04. ಅಂದ್ರೆ "ಫಲಿತಾಂಶ ಸೊನ್ನೆ ಅಲ್ಲದಿದ್ದರೆ ಆಚೆ ಜಿಗಿ". ಮಾಲ್‌ವೇರ್ ಮೆಮೊರಿಯಲ್ಲಿ ಅದನ್ನು 90 90 ಮಾಡಿತು. ಅಂದ್ರೆ "ಏನೂ ಮಾಡಬೇಡ, ಏನೂ ಮಾಡಬೇಡ". ಮೈಕ್ರೊಪ್ರೊಸೆಸರ್ ಲ್ಯಾಬ್ ಮಾಡಿದವರಿಗೆ ಇದು ಗುರುತು ಸಿಗುತ್ತೆ. ತಪಾಸಣೆ ಸೋತರೂ ಪ್ರೋಗ್ರಾಂ ಗೆದ್ದ ಹಾಗೇ ಮುಂದೆ ಹೋಗುತ್ತೆ. ಆಮೇಲೆ ಡೇಟಾಬೇಸಿನಿಂದ ಕಳ್ಳ ಪಾವತಿಗಳ ದಾಖಲೆ ಅಳಿಸೋದು, ಪ್ರಿಂಟರಿಗೆ ಹೋಗುವ ದೃಢೀಕರಣಗಳನ್ನು ತಿದ್ದೋದು ಸುಲಭ.

ಉತ್ತರ ಕೊರಿಯಾದ ಒಬ್ಬ ಪ್ರೋಗ್ರಾಮರ್ ಮೇಲೆ 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಆರೋಪ ಹೊರಿಸಿತು. ಆ ದೇಶ ಇದನ್ನು ನಿರಾಕರಿಸುತ್ತಲೇ ಬಂದಿದೆ. ಈ ಪಾಠಕ್ಕೆ ಬೇಕಾದ ಪ್ರಶ್ನೆ "ಯಾರು" ಅನ್ನೋದಕ್ಕಿಂತ, "ಮೊದಲೇ ಗೊತ್ತಿರಲಿಲ್ವಾ?" ಅನ್ನೋದು.

4. ಮೊದಲೇ ಗೊತ್ತಿತ್ತು, ಆದರೆ ಯಾರಿಗೆ?

ಈ ಇಡೀ ಕಥೆಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಈ ಭಾಗ.

2015ರ ಜನವರಿಯಲ್ಲಿ ದಕ್ಷಿಣ ಅಮೆರಿಕದ ಇಕ್ವೆಡಾರ್‌ನ ಒಂದು ಬ್ಯಾಂಕಿನಿಂದ ಸ್ವಿಫ್ಟ್ ಸಂದೇಶಗಳ ಮೂಲಕವೇ ಸುಮಾರು 1.2 ಕೋಟಿ ಡಾಲರ್ ಕಳುವಾಗಿತ್ತು. ಜಗತ್ತಿಗೆ ಅದು ಗೊತ್ತಾದದ್ದು 2016ರ ಮೇ ತಿಂಗಳಲ್ಲಿ, ಅದೂ ಒಂದು ಕೋರ್ಟ್ ದಾವೆಯ ಕಾಗದಗಳಿಂದ. ತನಗೆ ಯಾರೂ ತಿಳಿಸಿರಲಿಲ್ಲ ಅಂತ ಸ್ವಿಫ್ಟ್ ಹೇಳಿತು.

2015ರ ಕೊನೆಯಲ್ಲಿ ವಿಯೆಟ್ನಾಂನ ತಿಯೆನ್ ಫಾಂಗ್ ಬ್ಯಾಂಕಿನಲ್ಲಿ ಇಂಥದ್ದೇ ಪ್ರಯತ್ನ ನಡೆಯಿತು. 10 ಲಕ್ಷ ಯೂರೋಗಿಂತ ಹೆಚ್ಚು ಹಣಕ್ಕೆ ಕೈಹಾಕಿದ್ದರು. ಬ್ಯಾಂಕ್ ಸಕಾಲಕ್ಕೆ ಗಮನಿಸಿ ತಡೆಯಿತು. ಅಲ್ಲೂ ಮಾಲ್‌ವೇರ್ ಮಾಡಿದ ಕೆಲಸ ಅದೇ ಜಾತಿಯದ್ದು: ಸ್ವಿಫ್ಟ್ ವರದಿಗಳನ್ನು ಓದುವ ಪಿಡಿಎಫ್ ತಂತ್ರಾಂಶಕ್ಕೇ ಕೈಹಾಕಿ, ಕಾಣಬೇಕಾದ್ದನ್ನು ಕಾಣದ ಹಾಗೆ ಮಾಡೋದು. ಈ ಸುದ್ದಿಯೂ ಸಾರ್ವಜನಿಕವಾದದ್ದು 2016ರ ಮೇ ತಿಂಗಳಲ್ಲೇ.

ಅಂದ್ರೆ ಢಾಕಾಗೆ ಕಳ್ಳರು ಬರುವ ಕೆಲವೇ ವಾರಗಳ ಮೊದಲು ಏಷ್ಯಾದ್ದೇ ಇನ್ನೊಂದು ಬ್ಯಾಂಕು ಅದೇ ದಾರಿಯ ಕಳ್ಳತನ ಕಂಡಿತ್ತು, ಗೆದ್ದೂ ಇತ್ತು. ಆ ಪಾಠ ಹನೋಯ್‌ನಿಂದ ಢಾಕಾಗೆ ಬರಲೇ ಇಲ್ಲ. "ದೃಢೀಕರಣ ತೋರಿಸುವ ಜಾಗವನ್ನೇ ಹಾಳು ಮಾಡ್ತಿದ್ದಾರೆ, ಅಲ್ಲಿ ಏನಾದರೂ ಕೆಟ್ಟರೆ ಹುಷಾರು" ಅನ್ನೋ ಒಂದು ಸಾಲು ಬಂದಿದ್ದರೆ, ಆ ಶುಕ್ರವಾರ ಸುಮ್ಮನಿದ್ದ ಪ್ರಿಂಟರನ್ನು ಸಿಬ್ಬಂದಿ ಬೇರೆ ಕಣ್ಣಿನಿಂದ ನೋಡುತ್ತಿದ್ದರೋ ಏನೋ.

ಯಾಕೆ ಬರಲಿಲ್ಲ? ನಮ್ಮ ಮನೆಗೆ ಕಳ್ಳ ನುಗ್ಗಿದ ಅಂತ ಬೀದಿಯಲ್ಲಿ ಹೇಳಿಕೊಂಡರೆ ಮರ್ಯಾದೆ ಹೋಗುತ್ತೆ, ಗ್ರಾಹಕರು ಹೋಗ್ತಾರೆ ಅನ್ನೋ ಭಯ ಯಾವ ಬ್ಯಾಂಕಿಗೂ ಇದ್ದದ್ದೇ. ಮುಚ್ಚಿಟ್ಟರೆ ಒಬ್ಬರ ಮಾನ ಉಳಿಯುತ್ತೆ, ಪಕ್ಕದವರ ಮನೆ ಹೋಗುತ್ತೆ. ಢಾಕಾದ ನಂತರ ಸ್ವಿಫ್ಟ್ ತನ್ನ ಸದಸ್ಯರಿಗೆ ಭದ್ರತೆಯ ಕಡ್ಡಾಯ ನಿಯಮಗಳನ್ನು ತಂದಿತು, ದಾಳಿಯ ಮಾಹಿತಿ ಹಂಚಿಕೊಳ್ಳಲೇಬೇಕು ಅಂತ ಒತ್ತಾಯಿಸಿತು.

ನಮ್ಮ ದೇಶದ ಮಾತಿಗೆ ಬಂದರೆ, 2016ರ ಜುಲೈನಲ್ಲಿ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಿಂದ ಸುಮಾರು 17 ಕೋಟಿ ಡಾಲರ್ ಇದೇ ರೀತಿ ಹೊರಟಿತ್ತು. ಲೆಕ್ಕ ತಾಳೆ ನೋಡುವಾಗ ಸಿಬ್ಬಂದಿ ಬೇಗನೆ ಹಿಡಿದರು, ಹಣ ವಾಪಸ್ ಬಂತು. 2018ರ ಫೆಬ್ರವರಿಯಲ್ಲಿ ತಮಿಳುನಾಡಿನ ಕುಂಭಕೋಣದ ಸಿಟಿ ಯೂನಿಯನ್ ಬ್ಯಾಂಕಿನಲ್ಲಿ ಮೂರು ಪಾವತಿ, ಸುಮಾರು 20 ಲಕ್ಷ ಡಾಲರ್. ಅಲ್ಲಿ ಏನು ಕೆಟ್ಟಿತ್ತು ಗೊತ್ತಾ? ಮತ್ತೆ ಅದೇ ಪ್ರಿಂಟರ್.

5. ಸಹಕಾರದ ನಾಲ್ಕು ಪದರ

ನೆಟ್‌ವರ್ಕ್ ಪಾಠದಲ್ಲಿ ಪದರ ಪದರವಾಗಿ ಕಲಿತ ಹಾಗೆ, ದೇಶಗಳ ಸೈಬರ್ ಸಹಕಾರವನ್ನೂ ನಾಲ್ಕು ಪದರ ಮಾಡಿ ನೋಡಬಹುದು. ಈ ವಿಂಗಡಣೆ ನಾವು ಓದುವ ಅನುಕೂಲಕ್ಕೆ ಮಾಡಿಕೊಂಡದ್ದು.

ಮೊದಲ ಪದರ, ಫೋನ್ ನಂಬರ್. ರಾತ್ರಿ ಎರಡು ಗಂಟೆಗೆ, ಹಬ್ಬದ ದಿನ, ಆ ಕಡೆ ಫೋನ್ ಎತ್ತುವವರು ಯಾರು? ಬಹಳಷ್ಟು ದೇಶಗಳಲ್ಲಿ ಇದಕ್ಕೊಂದು ಸರ್ಟ್ ತಂಡ ಇರುತ್ತದೆ, ಅಂದ್ರೆ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ. 1988ರಲ್ಲಿ ಮಾರಿಸ್ ವರ್ಮ್ ಇಂಟರ್ನೆಟ್ಟನ್ನು ಅಲುಗಾಡಿಸಿದ ಮೇಲೆ ಇಂಥ ಮೊದಲ ತಂಡ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಭಾರತದ ಸರ್ಟ್-ಇನ್ 2004ರ ಜನವರಿಯಿಂದ ಕೆಲಸ ಮಾಡುತ್ತಿದೆ. ಏಷ್ಯಾ ಪೆಸಿಫಿಕ್‌ನ ತಂಡಗಳು 2003ರಲ್ಲಿ ಸೇರಿ ಎಪಿಸರ್ಟ್ ಅನ್ನೋ ಒಕ್ಕೂಟ ಮಾಡಿಕೊಂಡವು. ಅದರಲ್ಲಿ ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಜಪಾನ್ ಇವೆ. ಚೀನಾದ ತಂಡವೂ ಇದೆ, ತೈವಾನಿನ ತಂಡವೂ ಇದೆ. ರಾಜಕೀಯದಲ್ಲಿ ಮುಖ ನೋಡದವರೂ ಇಲ್ಲಿ ಒಂದೇ ಪಟ್ಟಿಯಲ್ಲಿದ್ದಾರೆ, ಯಾಕಂದ್ರೆ ವೈರಸ್ಸು ಪಾಸ್‌ಪೋರ್ಟ್ ತೋರಿಸಿ ಬರಲ್ಲ.

ಎರಡನೇ ಪದರ, ಭಾಷೆ. ಹಂಚಿಕೊಂಡ ಮಾಹಿತಿಯನ್ನು ಆ ಕಡೆಯ ಯಂತ್ರ ಓದುವಂತಿರಬೇಕು. ಅದಕ್ಕೇ ಐಪಿ ವಿಳಾಸ, ಫೈಲಿನ ಹ್ಯಾಶ್, ದಾಳಿಯ ವಿಧಾನ ಇವನ್ನೆಲ್ಲ ಒಂದೇ ನಮೂನೆಯಲ್ಲಿ ಬರೆಯುವ ಸ್ಟಿಕ್ಸ್‌ನಂಥ ಮಾನದಂಡಗಳಿವೆ. ಜೊತೆಗೆ ಗುಟ್ಟಿನ ನಿಯಮವೂ ಬೇಕು. ಟ್ರಾಫಿಕ್ ಲೈಟ್ ಪ್ರೋಟೊಕಾಲ್ ಅಂತ ಒಂದಿದೆ: ಕೆಂಪು ಅಂದ್ರೆ ಹೇಳಿದವರಿಗೆ ಬಿಟ್ಟು ಬೇರೆಯವರಿಗಿಲ್ಲ, ಹಳದಿ ಅಂದ್ರೆ ನಿಮ್ಮ ಸಂಸ್ಥೆಯೊಳಗೆ ಅಗತ್ಯ ಇದ್ದವರಿಗೆ, ಹಸಿರು ಅಂದ್ರೆ ನಿಮ್ಮ ವೃತ್ತಿ ಬಳಗಕ್ಕೆ, ಬಣ್ಣವಿಲ್ಲದ್ದು ಊರಿಗೆಲ್ಲ. ಮರ್ಯಾದೆಯ ಭಯಕ್ಕೆ ಇದೇ ಮದ್ದು. ಹೆಸರು ಹೇಳದೆ ಹ್ಯಾಶ್ ಮಾತ್ರ ಹಂಚಬಹುದು.

ಮೂರನೇ ಪದರ, ಅಭ್ಯಾಸ. ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನೋ ಗಾದೆ ನಮಗೆ ಗೊತ್ತಲ್ಲ. ಎಪಿಸರ್ಟ್ ವರ್ಷಕ್ಕೊಮ್ಮೆ ಅಣಕು ದಾಳಿ ನಡೆಸುತ್ತದೆ. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳು 2006ರಿಂದಲೇ ತಮ್ಮ ಸರ್ಟ್ ತಂಡಗಳಿಗೆ ಇಂಥ ಕವಾಯತು ಮಾಡಿಸುತ್ತಿವೆ. ಆಟದಲ್ಲಿ ಒಮ್ಮೆ ಮಾತಾಡಿದವರಿಗೆ ಆಪತ್ತಿನಲ್ಲಿ ಮಾತಾಡುವುದು ಸುಲಭ.

ನಾಲ್ಕನೇ ಪದರ, ಕಾನೂನು. ಫೋನ್ ಎತ್ತಿದರು, ಅರ್ಥವೂ ಆಯ್ತು. ಆದರೆ "ಆ ಸರ್ವರಿನ ಲಾಗ್ ಅಳಿಸಬೇಡಿ, ಆ ಖಾತೆ ತಡೆಹಿಡಿಯಿರಿ" ಅನ್ನೋಕೆ ಅವರಿಗೆ ಅಧಿಕಾರ ಇದೆಯಾ? 2001ರ ಬುಡಾಪೆಸ್ಟ್ ಒಪ್ಪಂದ ಇದಕ್ಕೆಂದೇ ಬಂದದ್ದು. ಸಾಕ್ಷ್ಯವನ್ನು ತಕ್ಷಣ ಕಾಪಿಡುವ ವ್ಯವಸ್ಥೆ, ದಿನದ 24 ಗಂಟೆ ವಾರದ 7 ದಿನ ಸಂಪರ್ಕ ಕೇಂದ್ರ, ಇವು ಅದರಲ್ಲಿವೆ. ಶ್ರೀಲಂಕಾ 2015ರಲ್ಲಿ ಸೇರಿತು, ಫಿಲಿಪೀನ್ಸ್ 2018ರಲ್ಲಿ. ಭಾರತ ಸೇರಿಲ್ಲ, ಅದನ್ನು ರೂಪಿಸುವಾಗ ನಾವು ಇರಲಿಲ್ಲ ಅನ್ನೋದು ಒಂದು ತಕರಾರು. 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸೈಬರ್ ಅಪರಾಧದ ಬಗ್ಗೆ ಹೊಸ ಒಪ್ಪಂದ ಅಂಗೀಕರಿಸಿತು, 2025ರ ಅಕ್ಟೋಬರ್‌ನಲ್ಲಿ ಹನೋಯ್‌ನಲ್ಲಿ ಸಹಿಗೆ ಇಟ್ಟಿತು. 40 ದೇಶಗಳು ಸ್ಥಿರೀಕರಿಸಿದ ಮೇಲೆ ಅದು ಜಾರಿಗೆ ಬರಬೇಕು. ಸರ್ಕಾರಗಳು ಇದನ್ನೇ ನೆಪ ಮಾಡಿಕೊಂಡು ಪತ್ರಕರ್ತರ, ವಿರೋಧಿಗಳ ಮೇಲೆ ಕಣ್ಣಿಡಬಹುದು ಅಂತ ಮಾನವ ಹಕ್ಕು ಸಂಘಟನೆಗಳ ಆಕ್ಷೇಪ ಇದೆ. ಅದೂ ತಳ್ಳಿಹಾಕುವ ಮಾತಲ್ಲ.

6. ಎರಡು ನೆರೆಹೊರೆ

ಆಸಿಯಾನ್ ಕಡೆ ನೋಡಿದರೆ ನಾಲ್ಕೂ ಪದರಗಳಲ್ಲಿ ನಿಧಾನವಾಗಿ ಕೆಲಸ ನಡೆದದ್ದು ಕಾಣುತ್ತೆ. 2016ರಿಂದ ಸೈಬರ್ ಭದ್ರತೆಗೆ ಮಂತ್ರಿಗಳ ಸಭೆ, 2018ರಲ್ಲಿ ವಿಶ್ವಸಂಸ್ಥೆಯ 11 ನಡವಳಿಕೆ ಸೂತ್ರಗಳಿಗೆ ತಾತ್ವಿಕ ಒಪ್ಪಿಗೆ, ಸಿಂಗಾಪುರದಲ್ಲಿ ತರಬೇತಿ ಕೇಂದ್ರ, 2024ರ ಅಕ್ಟೋಬರ್‌ನಲ್ಲಿ ಪ್ರಾದೇಶಿಕ ಸರ್ಟ್. ಅಷ್ಟಿದ್ದೂ ಆ ಪ್ರದೇಶದ ಕೆಲವು ಗಡಿಗಳಲ್ಲಿ ಆನ್‌ಲೈನ್ ವಂಚನೆಯ ದೊಡ್ಡ ಕೋಟೆಗಳೇ ಬೆಳೆದವು. ಒಪ್ಪಂದ ಇದ್ದ ಮಾತ್ರಕ್ಕೆ ಕಳ್ಳತನ ನಿಲ್ಲಲ್ಲ.

ನಮ್ಮ ದಕ್ಷಿಣ ಏಷ್ಯಾದಲ್ಲಿ ಸಾರ್ಕ್ ಶೃಂಗಸಭೆ ಕೊನೆಯದಾಗಿ ನಡೆದದ್ದು 2014ರಲ್ಲಿ, ಕಠ್ಮಂಡುವಿನಲ್ಲಿ. ಆ ದಾರಿ ಮುಚ್ಚಿದ ಹಾಗೇ ಇರುವಾಗ ಚಿಕ್ಕ ಗುಂಪುಗಳು ಬೆಳೆದಿವೆ. ಭಾರತ, ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್, ಬಾಂಗ್ಲಾದೇಶ ಇರುವ ಕೊಲಂಬೊ ಭದ್ರತಾ ಸಮಾವೇಶದ ಕೆಲಸಗಳಲ್ಲಿ ಸೈಬರ್ ಭದ್ರತೆಯೂ ಒಂದು. ದೊಡ್ಡ ಮನೆಯಲ್ಲಿ ಜಗಳ ಇದ್ದರೆ ಜಗಲಿಯ ಮೇಲಾದರೂ ಕೂತು ಮಾತಾಡುವುದು ಒಳ್ಳೇದೇ.

ಜಗತ್ತೆಲ್ಲ ಒಂದೇ ಜಾಲ ಆಗಿರುವಾಗ ನೆರೆಹೊರೆಯೇ ಯಾಕೆ ಅಂತ ಕೇಳಬಹುದು. ಗಡಿಯಾರ ಹತ್ತಿರ, ದುಡಿಯಲು ಹೋದವರು ಮನೆಗೆ ಹಣ ಕಳಿಸುವ ದಾರಿಗಳು ಹತ್ತಿರ, ಎಷ್ಟೋ ಕಡೆ ಸಮುದ್ರದಡಿಯ ಕೇಬಲ್ಲು ಒಂದೇ. ಒಬ್ಬರ ಮೇಲೆ ಬಿದ್ದ ದಾಳಿ ಪಕ್ಕದವರ ಮೇಲೆ ಬೀಳುವುದು ಬರೀ ಸಮಯದ ಪ್ರಶ್ನೆ.

7. ಹಾಗಾದರೆ ನಮಗೇನು?

ಮೇಲಿನ ನಾಲ್ಕು ಪದರಗಳೂ ಕೊನೆಗೆ ನಿಲ್ಲೋದು ಯಾರೋ ಒಬ್ಬ ಎಂಜಿನಿಯರ್ ಸರಿಯಾಗಿ ಬರೆದಿಟ್ಟ ಲಾಗಿನ ಮೇಲೆ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳನ್ನು ಈ ಬೆಳಕಿನಲ್ಲಿ ಓದಿ. ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. 180 ದಿನದ ಲಾಗ್ ಇಟ್ಟುಕೊಳ್ಳಬೇಕು. ಎಲ್ಲ ಯಂತ್ರಗಳ ಗಡಿಯಾರ ದೇಶದ ಅಧಿಕೃತ ಸಮಯ ಸರ್ವರ್‌ಗಳ ಜೊತೆ ಹೊಂದಿರಬೇಕು. ಕಿರಿಕಿರಿ ಅನಿಸಬಹುದು. ಆದರೆ ಮೂರು ದೇಶದ ಲಾಗುಗಳನ್ನು ಪಕ್ಕಪಕ್ಕ ಇಟ್ಟಾಗ ಒಂದರ ಗಡಿಯಾರ 7 ನಿಮಿಷ ಹಿಂದಿದ್ದರೆ, ಯಾವುದು ಮೊದಲು ಆಯ್ತು ಅಂತ ಹೇಳೋಕೇ ಆಗಲ್ಲ.

ಇದೇ ತತ್ವ ನಮ್ಮ ಜೇಬಿಗೂ ಅನ್ವಯ. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ ಅಂತ ಹೇಳೋದು ಯಾಕೆ? ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮುಂಚೆ ಬ್ಯಾಂಕುಗಳು ಮಾತಾಡಿಕೊಳ್ಳಲಿ ಅಂತ. ಢಾಕಾಗೆ ಮನಿಲಾದಲ್ಲಿ ಬೇಕಿದ್ದದ್ದೂ ಇಂಥದ್ದೇ ಒಂದು ನಂಬರ್. ಹೋಯ್ತಲ್ಲ ಅಂತ ನಾಚಿಕೆಪಟ್ಟು ಎರಡು ದಿನ ಸುಮ್ಮನಿರುವ ಗೆಳೆಯರಿಗೆ ಈ ಕಥೆ ಹೇಳಿ.

ಕೊನೆಗೊಂದು ಅಭ್ಯಾಸ. ನಾಲ್ಕು ಜನ ಕೂತು ನಾಲ್ಕು ಚೀಟಿ ಬರೆಯಿರಿ: ಢಾಕಾ, ನ್ಯೂಯಾರ್ಕ್, ಕೊಲಂಬೊ, ಮನಿಲಾ. ಒಬ್ಬೊಬ್ಬರು ಒಂದೊಂದು ಊರು. ಪ್ರತಿಯೊಬ್ಬರಿಗೂ ಅವರ ಸ್ಥಳೀಯ ಸಮಯ, ಅವರ ರಜೆ, ಅವರ ಕಾನೂನು. ಗುರುವಾರ ರಾತ್ರಿ 8ರಿಂದ ಆಟ ಶುರು. ಮಂಗಳವಾರ ಬೆಳಗಾಗುವುದರೊಳಗೆ 8.1 ಕೋಟಿ ಡಾಲರ್ ನಿಲ್ಲಿಸಬೇಕು. ಇದ್ದ ನಿಯಮಗಳಲ್ಲೇ ಒಂದು ಸಲ ಆಡಿ, ಆಗಲ್ಲ ಅಂತ ಗೊತ್ತಾಗುತ್ತೆ. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿಕೊಳ್ಳಲು ಎಲ್ಲರಿಗೂ ಅವಕಾಶ ಕೊಟ್ಟು ಮತ್ತೆ ಆಡಿ. ಯಾವ ಬದಲಾವಣೆಗೆ ಹಣ ಉಳಿಯಿತು, ಅದು ಯಾವ ಪದರದ್ದು ಅಂತ ಬರೆದಿಡಿ. ಫಲಿತಾಂಶ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಚರ್ಚೆ ಮಾಡೋಣ.

ಅಂದ ಹಾಗೆ, ನಾಳೆ ಲ್ಯಾಬಿನಲ್ಲಿ ಪ್ರಿಂಟರ್ ಕೆಟ್ಟರೆ ಗಾಬರಿ ಏನೂ ಬೇಡ, ಬಹುಶಃ ಕಾಗದ ಸಿಕ್ಕಿಹಾಕಿಕೊಂಡಿರುತ್ತೆ. ಆದರೂ ಒಂದ್ಸಲ ಲಾಗ್ ನೋಡಿ, ಪಕ್ಕದ ಲ್ಯಾಬಿನವರನ್ನೂ ಕೇಳಿ: "ನಿಮ್ಮದೂ ಕೆಟ್ಟಿದೆಯಾ?" ಸಹಕಾರ ಶುರುವಾಗೋದು ಅಲ್ಲಿಂದಲೇ.